ಟ್ಯೂಬು ಬೇಕೆ, ಬೇಡವೆ? ತೆಂಗಿನ ಸೀಮೆಯಿಂದ ಒಂದು ಚಕ್ರಜಿಜ್ಞಾಸೆ

ನೆಗ್ಗಿಲು ಮುಳ್ಳು ನೆಲಕ್ಕೆ ಹೇಗೇ ಬೀಳಲಿ, ಅದರ ಒಂದು ಮೊನೆ ಆಕಾಶ ನೋಡುತ್ತಿರುತ್ತದೆ. ಕಾಯಿ ಒಣಗಿದರೆ ಐದು ಹೋಳಾಗುತ್ತದೆ. ಹೋಳಿಗೆರಡು ಗಟ್ಟಿ ಕೊಂಬು. ಗ್ರಂಥಿಗೆ ಅಂಗಡಿಯಲ್ಲಿ ಅದು ಗೋಕ್ಷುರ, ಔಷಧಿ. ತಿಪಟೂರಿನಿಂದ ಹೊನ್ನವಳ್ಳಿ ಕಡೆಗೋ ಹಂದನಕೆರೆ ಕಡೆಗೋ ಬೆಳಗಿನ ಹೊತ್ತು ಸೈಕಲ್ ಹತ್ತಿದವನಿಗೆ ಮಾತ್ರ ಅದು ಹಿಂದಿನ ಚಕ್ರದಲ್ಲಿ ಕೇಳಿಸುವ ‘ಟಿಕ್ ಟಿಕ್’, ಆಮೇಲೊಂದು ‘ಉಸ್’.

ಮುಳ್ಳು ಅದೊಂದೇ ಆಗಿದ್ದರೆ ಹೇಗೋ ಆಗುತ್ತಿತ್ತು. ಕೆರೆಯಂಗಳಗಳನ್ನು ನುಂಗಿ ಕುಳಿತ ಬಳ್ಳಾರಿ ಜಾಲಿ, ಹೊಲದ ಬದುವಿನ ಕರಿಜಾಲಿ, ಬೇಲಿಗೆಂದು ಎಳೆದು ತರುವಾಗ ದಾರಿಯುದ್ದಕ್ಕೂ ಉದುರಿದ ಕಾರೆಮುಳ್ಳು, ಎತ್ತಿನ ಗೊರಸಿನಿಂದ ಕಳಚಿದ ಲಾಳದ ಮೊಳೆ, ತೋಟದ ದಾರಿಯಲ್ಲಿ ಒಡೆದು ಬಿದ್ದ ಕರಟದ ಚೂರು. ಇವೆಲ್ಲವೂ ನಮ್ಮ ಸೀಮೆಯ ಚಕ್ರಗಳ ಹಗೆಗಳೇ.

ನೆಲವೂ ಒಂದೇ ತೆರನಾಗಿಲ್ಲ. ಕಿಬ್ಬನಹಳ್ಳಿ ಕ್ರಾಸಿನಲ್ಲಿ ತುಮಕೂರು–ತಿಪಟೂರು ಹೆದ್ದಾರಿಯನ್ನು 150ಎ ಹೆದ್ದಾರಿ ಅಡ್ಡಹಾಯುತ್ತದೆ. ಬಡಗಲಿಗೆ ಚಿಕ್ಕನಾಯಕನಹಳ್ಳಿ, ಹುಳಿಯಾರು. ತೆಂಕಲಿಗೆ ತುರುವೇಕೆರೆ, ಮಾಯಸಂದ್ರ. ಅಷ್ಟು ದೂರ ನುಣ್ಣನೆಯ ಡಾಂಬರು. ಪಕ್ಕಕ್ಕೆ ಹೊರಳಿದರೆ ಹೇಮಾವತಿ ನಾಲೆಯ ಏರಿ, ಜಲ್ಲಿ ಎದ್ದ ಊರದಾರಿ, ಕೋನೇಹಳ್ಳಿಯತ್ತ ಅಮೃತಮಹಲ್ ದನಗಳ ಕಾವಲು, ಮಳೆ ಬಿದ್ದರೆ ಚಪ್ಪಲಿ ಕಿತ್ತುಕೊಳ್ಳುವ ತೋಟದ ಕೆಮ್ಮಣ್ಣು. ಮಣ್ಣಿನಲ್ಲಿ ಓಡಿಸಿ, ಆಗದ ಕಡೆ ಇಳಿದು, ಸೈಕಲ್ಲನ್ನು ಹೆಗಲಿಗೇರಿಸಿ ಓಡುವ ಆಟಕ್ಕೆ ಯುರೋಪಿನವರು ಸೈಕ್ಲೋಕ್ರಾಸ್ ಎಂದು ಹೆಸರಿಟ್ಟು 1950ರಿಂದ ವಿಶ್ವ ಚಾಂಪಿಯನ್‌ಷಿಪ್ ನಡೆಸುತ್ತಿದ್ದಾರೆ. ಮುಂಗಾರಿನಲ್ಲಿ ನಾಲೆ ದಾಟಿ ತೋಟಕ್ಕೆ ಹೋಗುವ ನಮ್ಮವರು ಅದನ್ನು ಹೆಸರಿಲ್ಲದೆ ಮಾಡುತ್ತಾರೆ.

ಹೆದ್ದಾರಿಗೂ ತೋಟಕ್ಕೂ ಒಂದೇ ಸೈಕಲ್ಲು ಇಟ್ಟುಕೊಂಡವನು ಎಂಥ ಚಕ್ರ ಕೊಳ್ಳಬೇಕು? ಗೇರಿರುವ ಸೈಕಲ್ಲುಗಳು ಬೆಂಗಳೂರಿನಿಂದ ಇತ್ತ ಬರತೊಡಗಿದ ಮೇಲೆ ಈ ಪ್ರಶ್ನೆ ನಮ್ಮಲ್ಲೂ ಎದ್ದಿದೆ. ಬೇರೆಡೆ ಇದನ್ನು ವೇಗದ ಪ್ರಶ್ನೆ, ತೂಕದ ಪ್ರಶ್ನೆ ಎಂದು ಚರ್ಚಿಸುತ್ತಾರೆ. ನನಗನ್ನಿಸುವುದು, ಇಲ್ಲಿ ಅದು ಮೊದಲಿಗೆ ರಿಪೇರಿಯ ಪ್ರಶ್ನೆ: ಗಾಳಿ ಹೋದಾಗ ಕೈ ಕೆಸರು ಮಾಡಿಕೊಳ್ಳುವವರು ಯಾರು?

ಗಾಳಿ ತುಂಬಿದ ಕಥೆ

ಚಕ್ರಕ್ಕೆ ಗಾಳಿ ತುಂಬಬಹುದೆಂದು ಮೊದಲು ಪೇಟೆಂಟ್ ಪಡೆದವನು ರಾಬರ್ಟ್ ವಿಲಿಯಂ ಥಾಮ್ಸನ್, 1845ರಲ್ಲಿ, ಕುದುರೆಗಾಡಿಗಾಗಿ. ಜನ ಮರೆತರು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್, ಮಗನ ಮೂರು ಗಾಲಿಯ ಸೈಕಲ್ಲು ಕಲ್ಲುಹಾಸಿನ ಮೇಲೆ ಗಡಗಡಿಸುವುದನ್ನು ತಪ್ಪಿಸಲು ಹೋಗಿ ಅದನ್ನೇ ಮತ್ತೊಮ್ಮೆ ಕಂಡುಹಿಡಿದ. ಆದರೆ ಅವನ ಟೈರನ್ನು ಚಕ್ರಕ್ಕೆ ಅಂಟಿಸಿ ಬಟ್ಟೆ ಸುತ್ತಬೇಕಿತ್ತು. ಪಂಚರ್ ಆದರೆ ಬಿಚ್ಚುವುದು ಗಂಟೆಗಟ್ಟಲೆ ಕೆಲಸ. ಫ್ರಾನ್ಸಿನ ಮಿಷೆಲಿನ್ ಸಹೋದರರು ಹಿಡಿದದ್ದು ಈ ಎಳೆಯನ್ನೇ. ಕಳಚಿ ಹಾಕಬಹುದಾದ ಟೈರು ಮಾಡಿದರು, ಅದನ್ನು ತೊಡಿಸಿದ ಸೈಕಲ್ಲಿನಲ್ಲಿ ಶಾರ್ಲ್ ತೆರೋಂ 1891ರ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಓಟ ಗೆದ್ದ. ಸುಮಾರು 1200 ಕಿ.ಮೀ. ದೂರ. ಈ ಹೆಸರಿನ ಸವಾರಿಗೆ ಇಂದಿಗೂ ನಾಲ್ಕು ವರ್ಷಕ್ಕೊಮ್ಮೆ ಬೆಂಗಳೂರಿನ ಸವಾರರು ಹೋಗಿಬರುತ್ತಾರೆ.

ಇಲ್ಲಿ ಒಂದು ಮಾತು ಗಮನಿಸಬೇಕು. ಟ್ಯೂಬು ಮತ್ತು ಕಳಚುವ ಟೈರಿನ ಜೋಡಿ ಗೆದ್ದದ್ದು ಹೆಚ್ಚು ವೇಗ ಕೊಟ್ಟಿತೆಂದಲ್ಲ. ದಾರಿಯ ಬದಿಯಲ್ಲಿ ಕುಳಿತು ಸರಿಮಾಡಿಕೊಳ್ಳಲು ಬಂತು, ಅದಕ್ಕೆ.

ಟ್ಯೂಬನ್ನು ಕಿತ್ತೆಸೆಯುವ ಕೆಲಸ ಮೊದಲು ಮಾಡಿದ್ದು ಕಾರಿನವರು. ಅಮೆರಿಕದ ಬಿ.ಎಫ್. ಗುಡ್‌ರಿಚ್ ಕಂಪನಿಯ ಫ್ರಾಂಕ್ ಹರ್ಜೆ 1940ರ ದಶಕದಲ್ಲಿ ರೂಪಿಸಿದ ಟ್ಯೂಬ್‌ಲೆಸ್ ಟೈರು 1955ರ ಹೊತ್ತಿಗೆ ಅಲ್ಲಿನ ಹೊಸ ಕಾರುಗಳಿಗೆಲ್ಲ ಬಂತು. ಸೈಕಲ್ಲಿಗೆ ಬರಲು ಇನ್ನೂ ನಾಲ್ಕು ದಶಕ ಬೇಕಾಯಿತು. 1999ರಲ್ಲಿ ಫ್ರಾನ್ಸಿನ ಮಾವಿಕ್, ಟೈರು ಕಂಪನಿಗಳ ಜೊತೆ ಸೇರಿ ಬೆಟ್ಟದ ಸೈಕಲ್ಲಿಗೆ ಒಂದು ವ್ಯವಸ್ಥೆ ತಂದಿತು. 2006ರಲ್ಲಿ ಹಚಿನ್‌ಸನ್ ಮತ್ತು ಶಿಮಾನೊ ರಸ್ತೆ ಸೈಕಲ್ಲಿಗೆ ತಂದವು. ನಡುವೆ ಅಮೆರಿಕದಲ್ಲಿ ಸ್ಟಾನ್ ಕೊಜಿಯಾಟೆಕ್ ಎಂಬಾತ ಸಾಮಾನ್ಯ ರಿಮ್ಮಿಗೇ ಒಳಗಿನಿಂದ ಟೇಪು ಸುತ್ತಿ, ರಬ್ಬರ್ ಹಾಲು ಸುರಿದು, ಟ್ಯೂಬಿಲ್ಲದೆ ಗಾಳಿ ನಿಲ್ಲಿಸಬಹುದೆಂದು ತೋರಿಸಿದ. ಈಗ ಎಲ್ಲೆಡೆ ನಡೆಯುತ್ತಿರುವುದು ಹೆಚ್ಚುಕಡಿಮೆ ಅವನ ದಾರಿಯೇ.

ಟ್ಯೂಬ್‌ಲೆಸ್ ಸೈಕಲ್ಲಿನ ಹುಚ್ಚು ಹೆಚ್ಚಾಗಿ ಹಬ್ಬಿದ್ದು ಅಮೆರಿಕದ ಒಣ ಪಶ್ಚಿಮ ಸೀಮೆಯಲ್ಲಿ. ಕಾರಣ ಒಂದು ಮುಳ್ಳು. ಅಲ್ಲಿ ಅದನ್ನು ಆಡಿನ ತಲೆ ಎಂದು ಕರೆಯುತ್ತಾರೆ, ಎರಡು ಕೊಂಬಿಗಾಗಿ. ಹೊರಗಿನಿಂದ ಬಂದ ಆ ಕಳೆಯನ್ನು ತಿನ್ನಿಸಲೆಂದು 1961ರಲ್ಲಿ ಎರಡು ಜಾತಿಯ ಸೊಂಡಿಲಹುಳುಗಳನ್ನೂ ತಂದು ಬಿಟ್ಟರು. ಮುಳ್ಳು ಯಾವುದೆನ್ನುತ್ತೀರಿ? ನಮ್ಮ ನೆಗ್ಗಿಲೇ. ಮುಳ್ಳಿನ ಮಟ್ಟಿಗೆ ಐಡಾಹೊ ರಾಜ್ಯಕ್ಕೂ ಹೊನ್ನವಳ್ಳಿಗೂ ನೆಂಟಸ್ತನವಿದೆ. ಅವರಿಗೆ ಒಗ್ಗಿದ ಮದ್ದು ನಮಗೆ ಒಗ್ಗುತ್ತದೆಯೇ ಎಂಬುದು ಆಮೇಲಿನ ಮಾತು.

ಬಾಡಿಗೆ ಸೈಕಲ್ಲಿನಿಂದ ಎಕ್ಸೆಲ್‌ವರೆಗೆ

ನಮ್ಮ ಸೀಮೆಯ ಸೈಕಲ್ಲೆಂದರೆ ಬಹುಕಾಲ ಒಂದೇ ಅಚ್ಚು: ಇಪ್ಪತ್ತೆಂಟು ಇಂಚು, ಒಂದೂವರೆ ಅಗಲ, ಕಬ್ಬಿಣದ ರಿಮ್ಮು, ಸಲಾಕೆಯ ಬ್ರೇಕು. ಅಟ್ಲಾಸ್, ಹೀರೋ, ಬಿಎಸ್‌ಎ ಯಾವುದಾದರೂ ಅಷ್ಟೇ. ಗಂಟೆ ಲೆಕ್ಕದ ಬಾಡಿಗೆ ಸೈಕಲ್ಲಿನಲ್ಲಿ ಅಡ್ಡಗಾಲು ಹಾಕಿ ಕಲಿತ ತಲೆಮಾರು ಇನ್ನೂ ಇದೆ. ಎರಡೂ ಬದಿಗೆ ಎಳನೀರಿನ ಗೊನೆ ಇಳಿಬಿಟ್ಟು, ಕ್ಯಾರಿಯರಿನ ಮೇಲೆ ಮತ್ತೆರಡು ಕಟ್ಟಿ, ತಾನು ಇಳಿದು ತಳ್ಳಿಕೊಂಡು ಹೋಗುತ್ತಿದ್ದವರ ಸೈಕಲ್ಲೂ ಅದೇ. ಅದರ ವಾಲ್ವಿನೊಳಗೆ ಬೆರಳುದ್ದದ ತೆಳ್ಳನೆ ರಬ್ಬರ್ ಕೊಳವೆ. ‘ವಾಲ್‌ಟ್ಯೂಬ್’ ಹರಿದರೆ ಪೆಟ್ಟಿ ಅಂಗಡಿಯಲ್ಲೂ ಸಿಗುತ್ತಿತ್ತು. ಪಂಚರ್ ಅಂಗಡಿಯೆಂದರೆ ಒಂದು ಬಾಂಡ್ಲಿ ನೀರು, ಉಜ್ಜುಕಾಗದ, ಸಲ್ಯೂಷನ್, ಹಳೇ ಟ್ಯೂಬಿನಿಂದ ಕತ್ತರಿಸಿದ ಪ್ಯಾಚು, ಒಂದು ಕೈಪಂಪು. ಟ್ಯೂಬನ್ನು ನೀರಲ್ಲಿ ಮುಳುಗಿಸಿ ಗುಳ್ಳೆ ಎಲ್ಲೇಳುತ್ತದೆಂದು ನೋಡುವಾಗ ಸುತ್ತ ನಿಂತ ಹುಡುಗರಿಗೆಲ್ಲ ಅದೊಂದು ನಾಟಕ.

2006–07ರಿಂದ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ಲು ಕೊಡತೊಡಗಿದಾಗ ಹಳ್ಳಿಹಳ್ಳಿಯ ಪಂಚರ್ ಅಂಗಡಿಗೆ ಮರುಜೀವ ಬಂದಿತ್ತು. ಇಷ್ಟರಲ್ಲಿ ತೆಂಗಿನಕಾಯಿ ಹೊರುವ ಕೆಲಸ ಸೈಕಲ್ಲಿನಿಂದ ಎಕ್ಸೆಲ್ ಮೊಪೆಡ್ಡಿಗೆ ಹೋಗಿತ್ತು. ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಕೆಲಸ ನಿಲ್ಲಿಸಿತು.

ಟ್ಯೂಬ್‌ಲೆಸ್ ಎಂಬ ಮಾತು ನಮ್ಮೂರಿಗೆ ಬಂದದ್ದು ಅಲಾಯ್ ಚಕ್ರದ ಬೈಕಿನೊಂದಿಗೆ. ಕಡ್ಡಿ ಚಕ್ರದಲ್ಲಿ ಪ್ರತಿ ಕಡ್ಡಿಯ ಬುಡವೂ ರಿಮ್ಮಿಗೆ ತೂತು. ಅಲ್ಲೆಲ್ಲ ಗಾಳಿ ಸೋರುತ್ತದೆ. ಎರಕದ ಚಕ್ರಕ್ಕೆ ಆ ತೊಂದರೆಯಿಲ್ಲ. ಮೊಳೆ ಚುಚ್ಚಿದರೂ ಗಾಳಿ ನಿಧಾನವಾಗಿ ಇಳಿಯುತ್ತದೆ, ಅಂಗಡಿಯವ ಚಕ್ರ ಬಿಚ್ಚದೆ ರಬ್ಬರಿನ ಬತ್ತಿಯನ್ನು ದಬ್ಬಳದಂಥ ಸೂಜಿಯಲ್ಲಿ ತುರುಕಿ ಎರಡು ನಿಮಿಷಕ್ಕೆ ಕಳಿಸುತ್ತಾನೆ. ಬೈಕಿನವರಿಗೆ ಇದು ಎಷ್ಟು ಒಗ್ಗಿತೆಂದರೆ ಕಡ್ಡಿ ಚಕ್ರದ ಶೋಕಿಯವರೂ ಟ್ಯೂಬ್‌ಲೆಸ್ ಕೇಳತೊಡಗಿದರು; ರಾಯಲ್ ಎನ್‌ಫೀಲ್ಡ್ 2024ರಲ್ಲಿ ಹಿಮಾಲಯನ್ 450ಕ್ಕೆ ಗಾಳಿ ಸೋರದ ಕಡ್ಡಿ ಚಕ್ರ ಕೊಟ್ಟದ್ದು ಅದಕ್ಕೇ. “ಬೈಕಿಗೆ ಬಂತು, ಕಾರಿಗೆ ಬಂತು, ಸೈಕಲ್ಲಿಗೇನು ಧಾಡಿ?” ಎಂದು ಕೇಳುವವರ ಮನಸ್ಸಿನಲ್ಲಿರುವುದು ಈ ಅನುಭವ.

ಬೈಕಿಗೆ ಸುಲಭವಾದದ್ದು ಸೈಕಲ್ಲಿಗೇಕೆ ಕಷ್ಟ

ಕಾರಣ ಗಾಳಿಯ ಒತ್ತಡ. ಬೈಕು, ಕಾರಿನ ಟೈರಿನಲ್ಲಿ ಸಾಮಾನ್ಯವಾಗಿ 25ರಿಂದ 35 ಪಿಎಸ್‌ಐ. ತೆಳ್ಳನೆಯ ರಸ್ತೆ ಸೈಕಲ್ಲಿನ ಟೈರಿನಲ್ಲಿ 70, 80, ಹಿಂದೆಲ್ಲ 100ಕ್ಕೂ ಮೇಲೆ. ಇನ್ನು ಗಾಳಿ ಹಿಡಿಯುವ ಜಾಗವೋ ಅತಿ ಕಡಿಮೆ: 28 ಮಿ.ಮೀ. ಟೈರಿನಲ್ಲಿ ಒಂದೂಕಾಲು ಲೀಟರಿನಷ್ಟು, 40 ಮಿ.ಮೀ. ಟೈರಿನಲ್ಲಿ ಎರಡೂವರೆ ಲೀಟರಿನಷ್ಟು. ಹೀಗಾಗಿ ಸಣ್ಣ ತೂತಾದರೂ ಗಾಳಿ ನಿಧಾನವಾಗಿ ಇಳಿಯುವುದಿಲ್ಲ, ಒಮ್ಮೆಲೇ ಖಾಲಿಯಾಗುತ್ತದೆ. ಬೈಕಿನ ಟೈರಿನಷ್ಟು ದಪ್ಪ ರಬ್ಬರು ಕೊಟ್ಟರೆ ತುಳಿಯುವವನ ತೊಡೆ ಒಪ್ಪುವುದಿಲ್ಲ.

ಆದ್ದರಿಂದ ಸೈಕಲ್ಲಿನ ಟ್ಯೂಬ್‌ಲೆಸ್ ಟೈರು ತಾನಾಗಿ ಪೂರ್ಣವಲ್ಲ, ಒಳಗೆ ದ್ರಾವಣ ಇರಲೇಬೇಕು. ಅದರಲ್ಲಿ ಹೆಚ್ಚಿನವು ರಬ್ಬರ್ ಹಾಲು: ಸುಳ್ಯ, ಪುತ್ತೂರಿನ ತೋಟದವರು ಚಿಪ್ಪಿನಲ್ಲಿ ಹಿಡಿದು ಆಸಿಡ್ ಹಾಕಿ ಹಾಳೆ ಮಾಡುವ ಹಾಲೇ. ಹೆಪ್ಪುಗಟ್ಟದಂತೆ ಅಮೋನಿಯಾ ಬೆರೆಸಿರುತ್ತಾರೆ, ತೂತಿಗೆ ಅಡ್ಡ ಕೂರಲೆಂದು ಸಣ್ಣ ಕಣ, ನಾರು ಸೇರಿಸಿರುತ್ತಾರೆ. ತೂತಿನಿಂದ ಗಾಳಿಯೊಡನೆ ಹಾಲೂ ನುಗ್ಗುತ್ತದೆ, ಅಲ್ಲೇ ಹೆಪ್ಪಾಗಿ ಮುಚ್ಚುತ್ತದೆ. 30–40 ಪಿಎಸ್‌ಐ ಇದ್ದರೆ ಇದು ಕಣ್ಕಟ್ಟಿನಂತೆ ನಡೆದುಹೋಗುತ್ತದೆ. 80 ಇದ್ದರೆ ಹೆಪ್ಪಾಗುವ ಮೊದಲೇ ಹಾಲು ಪಿಚಕಾರಿಯಂತೆ ಹಾರಿ ಸವಾರನ ಬೆನ್ನಿಗೆ ಬಿಳಿ ನಾಮ ಎಳೆಯುತ್ತದೆ. ಈ ಒಂದು ಸಂಗತಿ ಅರ್ಥವಾದರೆ ಸೈಕ್ಲೋಕ್ರಾಸ್ ಚಕ್ರಕ್ಕೂ ರಸ್ತೆ ಚಕ್ರಕ್ಕೂ ಒಂದೇ ಉತ್ತರ ಏಕಿಲ್ಲವೆಂಬುದು ಅರ್ಧ ತಿಳಿದಂತೆ.

ಟ್ಯೂಬಿನ ಪಕ್ಷ

ಇವರ ವಾದ ಹಳೆಯದು, ಆದರೆ ಸವೆದಿಲ್ಲ. ಟ್ಯೂಬು ಸೋತರೆ ಇನ್ನೊಂದು ಟ್ಯೂಬು ಹಾಕು. ಅದೂ ಸೋತರೆ ಪ್ಯಾಚು ಹಾಕು. ಅದೂ ಆಗದಿದ್ದರೆ ದಂಡಿನಶಿವರದಲ್ಲೋ ನೊಣವಿನಕೆರೆಯಲ್ಲೋ ಯಾರಾದರೂ ಹಾಕಿಕೊಡುತ್ತಾರೆ. ಟ್ಯೂಬಿನ ಕುರಿತ ಜ್ಞಾನ ಊರಿಗೆಲ್ಲ ಸೇರಿದ ಆಸ್ತಿ. ದ್ರಾವಣದ ಕುರಿತ ಜ್ಞಾನ ಬೆಂಗಳೂರಿನ ಕೆಲವು ಅಂಗಡಿಗಳಲ್ಲೂ ಕೆಲವು ಸವಾರರ ಚೀಲದಲ್ಲೂ ಇದೆ.

ಒಮ್ಮೆ ತುರುವೇಕೆರೆ ಹತ್ತಿರ ದ್ರಾವಣದ ಕೈಗೂ ಮೀರಿದ ತೂತಾಗಿ ಪಂಚರ್ ಅಂಗಡಿಗೆ ಸೈಕಲ್ ನೂಕಿಕೊಂಡು ಹೋಗಿದ್ದೆ. ಹುಡುಗ ಟೈರು ಬಿಚ್ಚಿ ಒಳಗೆ ಕೈಹಾಕಿದವನು ಅಂಟಂಟಾದ ಬೆರಳು ನೋಡಿಕೊಂಡು, “ಸಾರ್, ಇದ್ರಲ್ಲಿ ಟ್ಯೂಬೇ ಇಲ್ವಲ್ಲ, ನಾನ್ ಯಾವ್ದಕ್ಕೆ ಪಂಚರ್ ಹಾಕ್ಲಿ?” ಎಂದ. ಅಂಗಡಿಯ ಕಂಪ್ರೆಸರಿನ ಮೂತಿ ಬೈಕು, ಕಾರಿನ ಶ್ರೇಡರ್ ವಾಲ್ವಿಗೆ. ನನ್ನ ಚಕ್ರದ್ದು ಕಡ್ಡಿಯಂಥ ಪ್ರೆಸ್ಟಾ. ಅವನ ಗಿರಾಕಿಗಳ ಸೈಕಲ್ಲಿನದು ವಾಲ್‌ಟ್ಯೂಬಿನ ವುಡ್ಸ್. ಮೂರಕ್ಕೂ ಹೊಂದದ ಜಾತಕ. ಕಡಲೆಬೀಜದಷ್ಟು ದೊಡ್ಡ ಒಂದು ಹಿತ್ತಾಳೆ ಅಡಾಪ್ಟರ್ ಚೀಲದಲ್ಲಿ ಇದ್ದಿದ್ದರೆ ಆ ಕಂಪ್ರೆಸರೇ ಸಾಕಿತ್ತು. ಟ್ಯೂಬ್‌ಲೆಸ್ ಕೊಳ್ಳಲಿ, ಬಿಡಲಿ, ಅದೊಂದನ್ನು ಮಾತ್ರ ಈ ಸೀಮೆಯ ಸವಾರರೆಲ್ಲ ಇಟ್ಟುಕೊಳ್ಳಬೇಕು.

ಟ್ಯೂಬಿನ ಪಕ್ಷ ಈಚೆಗೆ ಹೊಸ ಬಲ ಪಡೆದಿದೆ. ಟಿಪಿಯು ಎಂಬ ಪ್ಲಾಸ್ಟಿಕ್ಕಿನ ಟ್ಯೂಬು ಮುವ್ವತ್ತು ಗ್ರಾಮಿನ ಆಸುಪಾಸು ತೂಗುತ್ತದೆ. ಕಪ್ಪು ರಬ್ಬರಿನದು ನೂರು ಗ್ರಾಮಿನಷ್ಟು. ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಮಡಚಿಡಬಹುದು, ಉರುಳುವಾಗಿನ ತಡೆಯೂ ಕಡಿಮೆ. ವೇಗದಲ್ಲಿ ಟ್ಯೂಬ್‌ಲೆಸ್ಸೇ ಮುಂದು ಎಂಬ ಜಂಬ ಇದರಿಂದ ಅರ್ಧಕ್ಕಿಳಿದಿದೆ. ಆದರೆ ಮಾಮೂಲಿ ಸಲ್ಯೂಷನ್, ಪ್ಯಾಚು ಇದಕ್ಕೆ ಹಿಡಿಯುವುದಿಲ್ಲ. ರಿಪೇರಿಯ ಸುಲಭವನ್ನೇ ಹಾಡಿಹೊಗಳುವ ಪಕ್ಷ ತನ್ನ ಹೊಸ ಅಸ್ತ್ರವನ್ನೇ ಊರ ಅಂಗಡಿಯಲ್ಲಿ ರಿಪೇರಿ ಮಾಡಿಸಲಾರದೆಂಬುದು ತಮಾಷೆ.

ಈ ಪಕ್ಷದ ನಿಜವಾದ ಸೋಲು ಕಾಣುವುದು ಜಲ್ಲಿ ಎದ್ದ ದಾರಿಯಲ್ಲಿ. ಕಲ್ಲಿನ ಅಂಚಿಗೆ ಟೈರು ಬಡಿದು ಟ್ಯೂಬು ರಿಮ್ಮಿನ ನಡುವೆ ಸಿಕ್ಕಿ ಹಾವು ಕಚ್ಚಿದಂತೆ ಜೋಡಿ ತೂತು ಬೀಳುತ್ತದೆ. ಅದನ್ನು ತಪ್ಪಿಸಲು ಗಾಳಿ ಜಾಸ್ತಿ ಮಾಡಬೇಕು. ಮಾಡಿದರೆ ಕೆಸರಿನಲ್ಲಿ ಹಿಡಿತ ಹೋಗುತ್ತದೆ, ಮೈಕೈ ನೋವು ಬರುತ್ತದೆ.

ದ್ರಾವಣದ ಪಕ್ಷ, ಮತ್ತು ಗಿಟುಕಿನ ಪರೀಕ್ಷೆ

ಟ್ಯೂಬ್‌ಲೆಸ್ಸಿನವರ ವಾದದ ಬಲ ಅಲ್ಲಿಂದಲೇ ಶುರು. ನಡುವೆ ಸಿಕ್ಕಿಕೊಳ್ಳಲು ಟ್ಯೂಬೇ ಇಲ್ಲ, ಗಾಳಿ ಇಳಿಸಿ ಓಡಿಸಬಹುದು. ನೆಗ್ಗಿಲಂಥ ಸಣ್ಣ ಮುಳ್ಳು ಹತ್ತು ಚುಚ್ಚಿದರೂ ಹತ್ತೂ ತಾವೇ ಮುಚ್ಚುತ್ತವೆ. ಮನೆಗೆ ಬಂದು ಚಕ್ರ ತೊಳೆಯುವಾಗ ಮುಳ್ಳಿನ ಬುಡ ಎಣಿಸಿ ಬೆರಗಾಗುವ ಸುಖ ಅನುಭವಿಸಿದವರಿಗೇ ಗೊತ್ತು. ಕರಿಜಾಲಿಯ ಉದ್ದ ಮುಳ್ಳಾದರೆ ಕೀಳದೆ ಹಾಗೇ ಬಿಟ್ಟು ಓಡಿಸುವುದು ಜಾಣತನ, ಮುಳ್ಳೇ ಬಿರಡೆ.

ಆದರೆ ಹಾಲಿಗೆ ಆಯುಸ್ಸಿದೆ. ತಯಾರಕರು ಹೇಳುವುದು ಎರಡರಿಂದ ಆರು ತಿಂಗಳು. ಬಿಸಿ ಒಣ ಹವೆಯಲ್ಲಿ ಕಡಿಮೆಯ ಕಡೆಗೆ. ಏಪ್ರಿಲ್ಲಿನಲ್ಲಿ ಮುವ್ವತ್ತೈದು ಡಿಗ್ರಿ ದಾಟುವ ನಮ್ಮಲ್ಲಿ, ಶೀಟಿನ ಛಾವಣಿಯ ಕೆಳಗೆ ನಿಂತ ಸೈಕಲ್ಲಿನೊಳಗೆ ಅದು ಬೇಗನೆ ಬತ್ತುತ್ತದೆ. ಇದನ್ನು ತಿಪಟೂರಿನವರಿಗೆ ವಿವರಿಸುವುದು ಬಹಳ ಸುಲಭ. ಅಟ್ಟದ ಮೇಲೆ ಎಂಟು ಹತ್ತು ತಿಂಗಳು ಬಿಟ್ಟ ಕಾಯನ್ನು ಕಿವಿಯ ಹತ್ತಿರ ಹಿಡಿದು ಕುಲುಕುತ್ತೇವೆ: ನೀರಿನ ಸದ್ದು ಬಂದರೆ ಇನ್ನೂ ಕಾಯಿ, ಒಳಗೆ ‘ಗಡಗಡ’ ಎಂದರೆ ಗಿಟುಕಾಗಿದೆ. ಟ್ಯೂಬ್‌ಲೆಸ್ ಚಕ್ರವನ್ನೂ ಹಾಗೆಯೇ ಕುಲುಕಿ ಕೇಳಬೇಕು. ಕುಳುಕುಳು ಎಂದರೆ ದ್ರಾವಣ ಜೀವಂತ. ಸದ್ದೇ ಇಲ್ಲದಿದ್ದರೆ ಬತ್ತಿದೆ. ಬಿಚ್ಚಿದರೆ ಒಮ್ಮೊಮ್ಮೆ ಒಳಗೆ ಹೆಪ್ಪುಗಟ್ಟಿದ ರಬ್ಬರ್ ಉಂಡೆಯೇ ಸಿಗುತ್ತದೆ. ಒಂದೇ ವ್ಯತ್ಯಾಸ, ಈ ಗಿಟುಕಿಗೆ ಎಪಿಎಂಸಿಯಲ್ಲಿ ಬೆಲೆಯಿಲ್ಲ.

ರಸ್ತೆಯ ತೆಳು ಟೈರಿಗೆ ಮುವ್ವತ್ತು ನಲವತ್ತು ಮಿಲಿ, ಮಣ್ಣಿನ ಟೈರಿಗೆ ಅರವತ್ತರಷ್ಟು ಹಾಕುವುದು ವಾಡಿಕೆ. ನಮ್ಮ ಬೇಸಿಗೆಗೆ ಸ್ವಲ್ಪ ಧಾರಾಳವಾಗಿಯೇ ಹಾಕಬೇಕು. ಗಾಳಿ ತುಂಬಲು ಕಾರ್ಬನ್ ಡೈಆಕ್ಸೈಡಿನ ಪುಟ್ಟ ಸಿಲಿಂಡರ್ ಬಳಸುವವರು ನೆನಪಿಡಬೇಕಾದ್ದು, ಆ ಅನಿಲ ಬಹುಪಾಲು ರಬ್ಬರ್ ಹಾಲುಗಳನ್ನು ಒಡೆಸುತ್ತದೆ. ಹೊಸ ಟೈರನ್ನು ರಿಮ್ಮಿಗೆ ಕೂರಿಸಲು ಒಮ್ಮೆಲೇ ರಭಸದ ಗಾಳಿ ಬೇಕು. ಕೈಪಂಪಿಗೆ ಹಲವು ಸಲ ಬಗ್ಗುವುದಿಲ್ಲ, ಪಂಚರ್ ಅಂಗಡಿಯ ಕಂಪ್ರೆಸರಿಗೆ ‘ಟಣ್’ ಎಂದು ಬಗ್ಗುತ್ತದೆ. ನಮ್ಮೂರ ಅಂಗಡಿ ಟ್ಯೂಬ್‌ಲೆಸ್ಸಿಗೆ ಹೊರಗಿನದು ಎಂದು ತಿಳಿಯಬೇಕಿಲ್ಲ. ಅದರ ಕೆಲಸ ಬೇರೆಯಾಯಿತು ಅಷ್ಟೇ.

ಈ ಎರಡು ಪಕ್ಷಗಳ ನಡುವಿನ ರಾಜಿಯೊಂದು ನಮ್ಮಲ್ಲಿ ಮೊದಲಿನಿಂದಲೂ ಇದೆ: ಟ್ಯೂಬಿನೊಳಗೇ ಪಂಚರ್ ದ್ರಾವಣ ಸುರಿಯುವುದು. ಮೊಪೆಡ್ಡಿಗೆ ಬಹಳ ಜನ ಹಾಕಿಸುತ್ತಾರೆ. ಸೈಕಲ್ಲಿಗೆ ಹಾಕಿದರೆ ಚಕ್ರ ಭಾರ, ಆದರೆ ಶಾಲೆಗೆ ಹೋಗುವ ಮಗುವಿನ ಸೈಕಲ್ಲಿಗೆ ನಾನು ಸೂಚಿಸುವುದು ಇದನ್ನೇ. ಅದರ ರಿಮ್ಮು ಟ್ಯೂಬ್‌ಲೆಸ್ಸಿಗೆಂದು ಮಾಡಿದ್ದಲ್ಲ. ನಮ್ಮ ಸೀಮೆಯ ಬಹುಪಾಲು ಸೈಕಲ್ಲುಗಳ ಮಟ್ಟಿಗೆ ಈ ಇಡೀ ಚರ್ಚೆ ಹೊರಗಿನದೇ ಎಂಬುದನ್ನೂ ಇಲ್ಲಿಯೇ ಒಪ್ಪಿಕೊಂಡುಬಿಡುತ್ತೇನೆ.

ಅಂಟಿನ ಪಕ್ಷ

ಡನ್‌ಲಪ್ಪನ ಅಂಟಿಸುವ ಟೈರು ಸತ್ತಿಲ್ಲ. ಟ್ಯೂಬನ್ನು ಒಳಗಿಟ್ಟು ಸುತ್ತಲೂ ಹೊಲಿದು ರಿಮ್ಮಿಗೆ ಅಂಟಿಸುವ ಟ್ಯೂಬ್ಯುಲರ್ ಓಟದ ಸೈಕಲ್ಲಿನಲ್ಲಿ ಒಂದು ಶತಮಾನ ಆಳಿತು. ಸೈಕ್ಲೋಕ್ರಾಸಿನಲ್ಲಿ ಇನ್ನೂ ಅದಕ್ಕೆ ಭಕ್ತರಿದ್ದಾರೆ. ಇಪ್ಪತ್ತು ಇಪ್ಪತ್ತೈದು ಪಿಎಸ್‌ಐಗೆ ಇಳಿಸಿದರೂ ಅಂಟಿದ ಟೈರು ರಿಮ್ಮು ಬಿಡುವುದಿಲ್ಲ. ಟ್ಯೂಬ್‌ಲೆಸ್ಸಾದರೆ ಅಷ್ಟು ಇಳಿಸಿ ತಿರುವಿನಲ್ಲಿ ವಾಲಿಸಿದಾಗ ಅಂಚು ಜಾರಿ ‘ಪುಸ್’ ಎಂದು ಗಾಳಿ ತೇಗುತ್ತದೆ.

ಆದರೆ ಆ ಲೋಕದ ಪಾಠವನ್ನು ನೇರ ಇಲ್ಲಿಗೆ ತರಲಾಗದು. ಸೈಕ್ಲೋಕ್ರಾಸ್ ಓಟ ಒಂದು ಗಂಟೆಯದು, ಟೈರಿನ ಅಗಲ 33 ಮಿ.ಮೀ. ಮೀರಬಾರದೆಂಬ ನಿಯಮವಿದೆ, ಪಕ್ಕದಲ್ಲೇ ತೊಳೆದಿಟ್ಟ ಇನ್ನೊಂದು ಸೈಕಲ್ಲು ಕಾಯುತ್ತಿರುತ್ತದೆ. ಬೋರನಕಣಿವೆ ಜಲಾಶಯದ ಹಿಂದಿನ ದಾರಿಯಲ್ಲಿ ಕಾಯುವುದು ಆಡು ಮಾತ್ರ.

ಅಗಲದ ಪಕ್ಷ

ಟ್ಯೂಬು ಇರಲಿ, ಬಿಡಲಿ, ಮೊದಲು ಅಗಲ ನೋಡಿ ಎನ್ನುವವರು ಇವರು. ಟೈರು ತೆಳ್ಳಗೂ ಗಟ್ಟಿಗೂ ಇದ್ದಷ್ಟೂ ವೇಗ ಎಂಬುದು ಬಹುಕಾಲದ ನಂಬಿಕೆ. ಅಮೆರಿಕದ ‘ಬೈಸಿಕಲ್ ಕ್ವಾರ್ಟರ್ಲಿ’ ಪತ್ರಿಕೆಯ ಯಾನ್ ಹೈನೆ ನಿಜವಾದ ರಸ್ತೆಯ ಮೇಲೆ, ಒರಟು ಪಟ್ಟಿಗಳ ಮೇಲೆ ಸವಾರರನ್ನು ಓಡಿಸಿ ನೋಡಿದಾಗ, ಗಟ್ಟಿ ಟೈರಿನಲ್ಲಿ ಮೈ ಅಲುಗಿ ವ್ಯರ್ಥವಾಗುವ ಶಕ್ತಿ ತುಂಬಾ ದೊಡ್ಡದೆಂದು ಕಂಡುಬಂತು. ಪ್ರಯೋಗಶಾಲೆಯ ನುಣ್ಣನೆ ಉರುಳೆಯ ಮೇಲೆ ಅಳೆದವರಿಗೆ ಇದು ಸಿಕ್ಕಿರಲಿಲ್ಲ; ಆ ಉರುಳೆಯ ಮೇಲೆ ಮನುಷ್ಯ ಕೂತಿರುವುದಿಲ್ಲವಲ್ಲ. ವೃತ್ತಿಪರ ಓಟಗಾರರೂ ಈಗ 23 ಬಿಟ್ಟು 28, 30ಕ್ಕೆ ಬಂದಿದ್ದಾರೆ.

ಇದು ನಮಗೆ ಅತ್ಯಂತ ಪ್ರಸ್ತುತವೆಂದು ನನ್ನ ಎಣಿಕೆ. ಚಿಕ್ಕನಾಯಕನಹಳ್ಳಿ ಸುತ್ತ ಗಣಿಯ ಅದಿರು ಹೊತ್ತ ಲಾರಿಗಳು ಓಡಾಡುತ್ತಿದ್ದ ಕಾಲದಲ್ಲಿ ರಸ್ತೆಯ ಗತಿ ಏನಾಗಿತ್ತೆಂದು ಕಂಡವರಿದ್ದಾರೆ. 2011ರಲ್ಲಿ ಸುಪ್ರೀಂ ಕೋರ್ಟ್ ತುಮಕೂರು ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಡಾಂಬರಿಗೆ ಉಸಿರು ಬಂತು. ಆದರೂ ಊರೊಳಗಿನ ದಾರಿಗಳು ಉರುಳೆಯಷ್ಟು ನುಣ್ಣಗಾಗುವುದು ಕನಸು. ಇಂಥಲ್ಲಿ 32ರಿಂದ 35 ಮಿ.ಮೀ. ಟೈರು ಹೆದ್ದಾರಿಯಲ್ಲೂ ಎಳೆಯುವುದಿಲ್ಲ, ನಾಲೆ ಏರಿಯಲ್ಲೂ ಹೆದರಿಸುವುದಿಲ್ಲ. ಅಗಲವಾದರೆ ಒತ್ತಡ ಇಳಿಯುತ್ತದೆ, ಒತ್ತಡ ಇಳಿದರೆ ದ್ರಾವಣ ಕೆಲಸ ಮಾಡುತ್ತದೆ. ಹೀಗೆ ಅಗಲದ ಪಕ್ಷ ತನಗರಿವಿಲ್ಲದೆ ದ್ರಾವಣದ ಪಕ್ಷವನ್ನು ಗೆಲ್ಲಿಸುತ್ತಿದೆ.

ಕೊಳ್ಳುವುದು ಟೈರಲ್ಲ, ರಿಮ್ಮು

ಅಂಗಡಿಯಲ್ಲಿ ಎಲ್ಲರೂ ಟೈರಿನ ಬಗ್ಗೆ ಮಾತಾಡುತ್ತಾರೆ. ಟೈರು ವರ್ಷಕ್ಕೆ ಸವೆಯುತ್ತದೆ, ಬದಲಿಸಿದರಾಯಿತು. ರಿಮ್ಮು ಹತ್ತು ವರ್ಷ ಜೊತೆಗಿರುತ್ತದೆ. ಈಗಿನ ದೊಡ್ಡ ಜಗಳ ನಡೆಯುತ್ತಿರುವುದೂ ರಿಮ್ಮಿನ ಅಂಚಿನ ಬಗ್ಗೆ.

ಒಂದು ಬಗೆಯ ರಿಮ್ಮಿನ ಅಂಚು ಒಳಕ್ಕೆ ಕೊಕ್ಕೆಯಂತೆ ಬಾಗಿದೆ, ಟೈರಿನ ಅಂಚನ್ನು ಅದು ಹಿಡಿದುಕೊಳ್ಳುತ್ತದೆ. ಇನ್ನೊಂದರಲ್ಲಿ ಗೋಡೆ ನೆಟ್ಟಗಿದೆ. ಟೈರಿನ ಅಂಚಿನ ಬಿಗಿಯೇ ಅದನ್ನು ಹಿಡಿದಿಡಬೇಕು. ಕೊಕ್ಕೆಯಿಲ್ಲದ್ದನ್ನು ಕಾರ್ಬನ್ನಿನಲ್ಲಿ ಎರಕ ಹೊಯ್ಯುವುದು ಸುಲಭ, ಅಗ್ಗ. ಅಂಚು ಪೆಟ್ಟನ್ನೂ ತಾಳುತ್ತದೆ. ಆದರೆ ಒತ್ತಡ 5 ಬಾರ್, ಅಂದರೆ 72.5 ಪಿಎಸ್‌ಐ ಮೀರಕೂಡದು. ಅದಕ್ಕೆಂದು ಒಪ್ಪಿದ ಟೈರನ್ನೇ ಹಾಕಬೇಕು. ಹೊಸ ವಿದ್ಯೆಯೆಂದು ಮಾರುತ್ತಾರೆ. ಅಜ್ಜನ ಅಟ್ಲಾಸಿನ ಕಬ್ಬಿಣದ ರಿಮ್ಮಿಗೂ ಕೊಕ್ಕೆ ಇರಲಿಲ್ಲ. ವ್ಯತ್ಯಾಸ ಇಷ್ಟೇ, ಅಜ್ಜ 28 ಮಿ.ಮೀ. ಟೈರು ಹಾಕಿಕೊಂಡು ಬೆಟ್ಟ ಇಳಿಯುತ್ತಿರಲಿಲ್ಲ.

2024ರ ಫೆಬ್ರುವರಿಯಲ್ಲಿ ಯುಎಇ ಟೂರ್ ಓಟದಲ್ಲಿ ಥಾಮಸ್ ಡಿ ಗೆಂಟ್ ಬಿದ್ದಾಗ, ಅವನ ಟೈರು ಕೊಕ್ಕೆಯಿಲ್ಲದ ರಿಮ್ಮಿನಿಂದ ಕಳಚಿ ನೇತಾಡುತ್ತಿದ್ದ ಚಿತ್ರ ಎಲ್ಲೆಡೆ ಹರಡಿತು. ಸವಾರರ ಸಂಘದ ಅಧ್ಯಕ್ಷ ಆಡಂ ಹ್ಯಾನ್‌ಸನ್ ಇಂಥ ರಿಮ್ಮು ಬೇಡವೆಂದ. ಕಲ್ಲು ಬಡಿದು ರಿಮ್ಮು ಒಡೆದದ್ದೇ ಮೂಲವೆಂದು ಇನ್ನೊಂದು ಕಡೆಯವರು ಹೇಳಿದರು. ಅವನು ಹಾಕಿದ್ದು 25 ಮಿ.ಮೀ. ಒಳಅಗಲದ ರಿಮ್ಮಿಗೆ 28ರ ಟೈರು. ಅಳತೆಯ ಪಟ್ಟಿಗಳಲ್ಲಿ ಅದು ಒಪ್ಪಿಗೆಯ ಅಂಚಿನಲ್ಲಿದ್ದ ಜೋಡಿ. ಹೊಸ ಪಟ್ಟಿ ಕನಿಷ್ಠವನ್ನು ಒಂದು ಮಿ.ಮೀ. ಮೇಲಕ್ಕೆ ಸರಿಸಿತು. ಒಂದು ಮಿಲಿಮೀಟರಿನಲ್ಲಿ ಕೊರಳು ನಿಂತಿದೆಯೆಂದರೆ ಸಾಮಾನ್ಯ ಸವಾರ ಏನು ಮಾಡಬೇಕು?

ನನ್ನ ಒಲವು ಹೇಳಿಬಿಡುತ್ತೇನೆ. ಈ ಸೀಮೆಗೆ ಅಲ್ಯೂಮಿನಿಯಂ ರಿಮ್ಮು, ಒಳಅಗಲ 21–23 ಮಿ.ಮೀ., ಅಂಚಿಗೆ ಕೊಕ್ಕೆ, ಕಡ್ಡಿ ಇಪ್ಪತ್ತೆಂಟಕ್ಕೆ ಕಡಿಮೆಯಿಲ್ಲದಂತೆ, ಮಾಮೂಲಿ ದುಂಡು ಕಡ್ಡಿ. ಗುಂಡಿಗೆ ಬಿದ್ದು ಚಕ್ರ ಹಾವಾಡಿದರೆ ತಿಪಟೂರಿನಲ್ಲೇ ಬೆಂಡು ತೆಗೆಸಬಹುದು. ಕೊಕ್ಕೆಯ ರಿಮ್ಮು ಟ್ಯೂಬನ್ನೂ ಒಪ್ಪುತ್ತದೆ, ಟ್ಯೂಬ್‌ಲೆಸ್ಸನ್ನೂ ಒಪ್ಪುತ್ತದೆ. ಟೈರಿನ ಕಂಪನಿಯ ಜಾತಿ ಕೇಳುವುದಿಲ್ಲ. ಮಳೆಗಾಲದಲ್ಲಿ 35ರ ಗೀರಿನ ಟೈರು ದ್ರಾವಣದೊಡನೆ, ಬೇಸಿಗೆಯ ದೂರದ ಸವಾರಿಗೆ 30 ಅಥವಾ 32ರ ನುಣುಪು ಟೈರು. ಎರಡು ಜೊತೆ ಚಕ್ರ ಕೊಳ್ಳುವ ಅನುಕೂಲ ಇದ್ದವರ ಮಾತು ಬೇರೆ. ಚೀಲದಲ್ಲಿ ಮಾತ್ರ ಯಾವಾಗಲೂ ಒಂದು ಟ್ಯೂಬು. ಎಂಥ ಕಟ್ಟಾ ಟ್ಯೂಬ್‌ಲೆಸ್ ಭಕ್ತನ ಚೀಲ ತೆರೆದರೂ ಅದು ಸಿಗುತ್ತದೆ.

ಇತ್ಯರ್ಥವಾಗದೆ ಉಳಿದವು

ಕೊಕ್ಕೆಯಿಲ್ಲದ ರಿಮ್ಮು ರಸ್ತೆಯ ಒತ್ತಡಕ್ಕೆ ಸುರಕ್ಷಿತವೇ ಎಂಬುದರ ಬಗ್ಗೆ ತಯಾರಕರಲ್ಲೇ ಒಮ್ಮತವಿಲ್ಲ. ಕೆಲವರು ಅದರ ಮೇಲೆಯೇ ತಮ್ಮ ವ್ಯಾಪಾರವನ್ನೆಲ್ಲ ಕಟ್ಟಿದ್ದಾರೆ, ಕೆಲವರು ಕೊಕ್ಕೆ ಬಿಟ್ಟುಕೊಡಲು ಸಿದ್ಧರಿಲ್ಲ. ವೇಗದ ಲೆಕ್ಕದಲ್ಲಿ ಟಿಪಿಯು ಟ್ಯೂಬಿಗೂ ಟ್ಯೂಬ್‌ಲೆಸ್ಸಿಗೂ ಉಳಿದಿರುವ ಅಂತರ, ಪ್ರಯೋಗ ಮಾಡಿದವರು ಯಾವ ಟೈರು ಆರಿಸಿದರು ಎಂಬುದರ ಮೇಲೆ ಅತ್ತಿತ್ತ ವಾಲುತ್ತದೆ.

ದ್ರಾವಣದ ವಿಷಯದಲ್ಲಿ ರಬ್ಬರ್ ಹಾಲಿನವರಿಗೂ ಹಾಲಿಲ್ಲದೆ ನಾರನ್ನೇ ನೆಚ್ಚಿದ ಹೊಸಬರಿಗೂ ಜಗಳ ನಡೆದಿದೆ: ಒಂದು ಬೇಗ ಮುಚ್ಚುತ್ತದೆ, ಬೇಗ ಒಣಗುತ್ತದೆ, ಇನ್ನೊಂದು ಒಣಗುವುದಿಲ್ಲ, ಆದರೆ ದೊಡ್ಡ ತೂತಿಗೆ ತಡವರಿಸುತ್ತದೆ. ಸುಳ್ಯದ ಹಾಲು ಯಾರೋ ದೂರದವರ ಬಾಟಲಿ ಸೇರಿ ಹತ್ತು ಪಟ್ಟು ಬೆಲೆಗೆ ಹಿಂದಿರುಗುವ ಬದಲು ಇಲ್ಲೇ, ಇಲ್ಲಿನ ಬಿಸಿಲಿಗೆ ತಕ್ಕ ದ್ರಾವಣವಾದೀತೆ?

ಬಹಳ ಕಡಿಮೆ ಚರ್ಚೆಯಾಗಿರುವುದು ನಾನು ಮೊದಲೇ ಕೇಳಿದ ಪ್ರಶ್ನೆ. ಟ್ಯೂಬ್‌ಲೆಸ್ ಪಂಚರುಗಳನ್ನು ಕಡಿಮೆ ಮಾಡುತ್ತದೆ, ನಿಜ. ಉಳಿದ ಪಂಚರನ್ನು ಸವಾರನ ತಲೆಗೇ ಕಟ್ಟುತ್ತದೆ. ಬೈಕಿನ ಟ್ಯೂಬ್‌ಲೆಸ್ಸನ್ನು ಪಂಚರ್ ಅಂಗಡಿಯವರು ಕೆಲವೇ ವರ್ಷಗಳಲ್ಲಿ ಕಲಿತರು, ಏಕೆಂದರೆ ದಿನಕ್ಕೆ ಹತ್ತು ಬೈಕು ಬರುತ್ತಿತ್ತು. ವಾರಕ್ಕೊಂದು ಬರುವ ಸೈಕಲ್ಲಿಗಾಗಿ ಅವರೇಕೆ ದ್ರಾವಣದ ಬಾಟಲಿ, ತೆಳು ಬತ್ತಿ, ಪ್ರೆಸ್ಟಾ ಮೂತಿ ತಂದಿಡಬೇಕು? ತುರುವೇಕೆರೆಯ ಆ ಹುಡುಗ ಅಂದು ಟ್ಯೂಬು ಹಾಕಿ ಕಳಿಸುವ ಮೊದಲು ಉಳಿದ ಹಾಲನ್ನು ಬೆರಳಲ್ಲಿ ಉಜ್ಜಿ, ಅದು ದಾರವಾಗುವುದನ್ನು ನೋಡುತ್ತ, “ಇದು ಬಾಟ್ಲಿ ಎಷ್ಟು ಸಾರ್, ಎಲ್ಲಿ ಸಿಗುತ್ತೆ?” ಎಂದು ಕೇಳಿದ್ದ. ಬೆಲೆ ಹೇಳಿದೆ. ಅವನು ಕೈ ಒರೆಸಿಕೊಂಡು, ಕಾಯುತ್ತಿದ್ದ ಎಕ್ಸೆಲ್ಲಿನ ಹಿಂದಿನ ಚಕ್ರ ಬಿಚ್ಚಲು ಕುಳಿತ.